ನಗಬಾರದ ಕಡೆ ನಕ್ಕರು, ಕೊನೆಗೆ ಚಪ್ಪಾಳೆಯೂ ಇಲ್ಲ: ಇಬ್ಬರ ನಾಟಕ ಸೋತಿತೇ?

ಪ್ರಶ್ನೆ: ನಾನು ಬದಿಯಡ್ಕ ಕಡೆಯ ಶಾಲಾ ಅಧ್ಯಾಪಕ. ಊರಿನ ಆರು ಜನ ಸೇರಿ ಒಂದು ಹವ್ಯಾಸಿ ತಂಡ ಕಟ್ಟಿದ್ದೇವೆ. ಈ ವರ್ಷ ಎರಡೇ ಪಾತ್ರಗಳ ನಾಟಕ ಮಾಡಿದೆವು. ಅಡಿಕೆ ತೋಟ ಮಾರೋಣ ಎನ್ನುವ ಮಗಳು, ಒಪ್ಪದ ಅಪ್ಪ. ಒಂದು ಗಂಟೆ ಹತ್ತು ನಿಮಿಷ. ಕಾಸರಗೋಡು ಪೇಟೆಯ ಸಣ್ಣ ಸಭಾಂಗಣದಲ್ಲಿ ಮೊದಲ ಪ್ರಯೋಗ ಚೆನ್ನಾಗಿ ಹೋಯಿತು. ಎರಡನೆಯದು ನಮ್ಮ ಕಡೆಯ ಒಂದು ವಾರ್ಷಿಕೋತ್ಸವದಲ್ಲಿ, ಬಯಲು ವೇದಿಕೆ, 400 ಕುರ್ಚಿ. ಮಗಳು ಅಳುತ್ತಾ ಸಾಲದ ಪಟ್ಟಿ ಓದುವಾಗ ಹಿಂದೆ ಕೂತ ಹುಡುಗರು ಗೊಳ್ಳೆಂದು ನಕ್ಕರು. ಅಪ್ಪ ಅಡಿಕೆ ಸುಲಿಯುತ್ತಾ ತೀರಿಹೋದ ಹೆಂಡತಿಯನ್ನು ನೆನೆಯುವಾಗ ಹಿರಿಯರೂ ನಕ್ಕರು. ಮೂರರಲ್ಲಿ ಒಂದು ಪಾಲು ಜನ ಅರ್ಧದಲ್ಲೇ ಎದ್ದು ಹೋದರು. ಕೊನೆಗೆ ಚಪ್ಪಾಳೆಯೇ ಇಲ್ಲ. ಮರುದಿನ ವಾಟ್ಸಾಪ್‌ನಲ್ಲಿ, "ಇದೆಂತ ನಾಟಕ ಮಾರಾಯ್ರೇ, ಇಬ್ಬರೇ ಇಬ್ಬರು, ಅದೂ ಕೂತಲ್ಲೇ!" ಎಂದು ಒಬ್ಬರು ಬರೆದರು. ತುಳು ಹಾಸ್ಯದ ಎರಡು ಪಾತ್ರ ಸೇರಿಸೋಣ ಎಂದು ತಂಡದಲ್ಲಿ ಕೆಲವರ ಅಭಿಪ್ರಾಯ. ಮಗಳ ಪಾತ್ರ ಮಾಡಿದವರು ಇನ್ನು ತಾನು ಬರುವುದಿಲ್ಲ ಎನ್ನುತ್ತಿದ್ದಾರೆ. ಮುಂದಿನ ಪ್ರಯೋಗ ಮಂಜೇಶ್ವರದ ಕಡೆ, ಒಂದು ತಿಂಗಳಿದೆ. ವಿಡಿಯೋ ಕಳಿಸಿದ್ದೇನೆ. ಏನು ಮಾಡಲಿ, ಸರ್?

ಉತ್ತರ: ವಿಡಿಯೋ ಎರಡು ಸಲ ನೋಡಿದೆ. ಫೋನನ್ನು ಕೊನೆಯ ಸಾಲಿನ ಹಿಂದೆ ಇಟ್ಟು ತೆಗೆದಿದ್ದೀರಿ. ವೇದಿಕೆ ಬೆಂಕಿಪೊಟ್ಟಣದಷ್ಟು, ಜನರ ಬೆನ್ನು ಮಾತ್ರ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಕ್ಷಮೆ ಕೇಳಿದ್ದೀರಿ. ಕೇಳಬೇಕಾಗಿಲ್ಲ, ನನಗೆ ಬೇಕಾದ್ದು ಬೆನ್ನುಗಳೇ. ಯಾರು ಎಷ್ಟನೇ ನಿಮಿಷಕ್ಕೆ ಎದ್ದರು, ಎಲ್ಲಿ ಕುರ್ಚಿ ಕಿರುಗುಟ್ಟಿತು, ಎಲ್ಲಿ ಫೋನಿನ ಬೆಳಕು ಹತ್ತಿತು, ಎಲ್ಲ ಸಿಕ್ಕಿತು.

ನಿಮ್ಮ ಪತ್ರದಲ್ಲಿ ಮೂರು ದೂರುಗಳಿವೆ: ನಕ್ಕರು, ಎದ್ದು ಹೋದರು, ಚಪ್ಪಾಳೆ ತಟ್ಟಲಿಲ್ಲ. ಮೂರನ್ನೂ ಸೇರಿಸಿ "ಜನರಿಗೆ ಹಿಡಿಸಲಿಲ್ಲ" ಎಂದು ಒಂದೇ ಗಂಟು ಕಟ್ಟಿದ್ದೀರಿ. ಗಂಟು ಬಿಚ್ಚಿದರೆ ಮೂರಕ್ಕೂ ಬೇರೆ ಬೇರೆ ಕಾರಣ ಸಿಗುತ್ತದೆ. ಪಾತ್ರಗಳು ಎರಡೇ ಇದ್ದವು ಎನ್ನುವುದು ಯಾವುದಕ್ಕೂ ಕಾರಣವಲ್ಲ.

ಆ ವಾಟ್ಸಾಪ್ ಮಾತನ್ನು ಮೊದಲು ಮುಗಿಸೋಣ. "ಇಬ್ಬರೇ, ಅದೂ ಕೂತಲ್ಲೇ." ಇದನ್ನು ಬರೆದವರು ಯಾವ ಊರಿನವರು ಅಂತ ಒಮ್ಮೆ ಯೋಚಿಸಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಿಮ್ಮಲ್ಲಿಂದ ಎಷ್ಟು ದೂರ? ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ನಿಮ್ಮ ಕಡೆ ಮನೆಮನೆಯಲ್ಲಿ, ದೇವಸ್ಥಾನದಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಎದ್ದು ನಿಲ್ಲುವುದೂ ಇಲ್ಲ. ವಾಲಿಮೋಕ್ಷದಲ್ಲಿ ಬಾಣ ತಾಗಿ ಬಿದ್ದ ವಾಲಿಗೂ ರಾಮನಿಗೂ ನಡೆಯುವ ವಾದವನ್ನು ಜನ ಗಂಟೆಗಟ್ಟಲೆ ಕೇಳುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಪಾತ್ರವಾಗಿ ಆಡುವ ಮಾತು, ಅಂದರೆ ಅರ್ಥ, ಕೇಳಲು ಹೊಳೆ ದಾಟಿ ಬಂದವರ ಮೊಮ್ಮಕ್ಕಳು ನಿಮ್ಮ ಪ್ರೇಕ್ಷಕರು. ಇಬ್ಬರು ಕೂತು ಮಾತಾಡಿದರೆ ಈ ಸೀಮೆಯವರಿಗೆ ಬೇಸರ ಬರುತ್ತದೆ ಎಂದರೆ ನಾನು ನಂಬುವುದಿಲ್ಲ.

ಆದರೆ ತಾಳಮದ್ದಳೆಗೆ ನಿಮ್ಮಲ್ಲಿಲ್ಲದ ಅನುಕೂಲಗಳಿವೆ. ಕತೆ ಎಲ್ಲರಿಗೂ ಗೊತ್ತು, ಹಾಗಾಗಿ ಮುಂದೆ ಏನಾಗುತ್ತದೆ ಎಂಬ ಚಿಂತೆ ಬಿಟ್ಟು ಹೇಗೆ ಹೇಳುತ್ತಾರೆ ಎಂದು ಕಿವಿಗೊಡಬಹುದು. ಹಾಡುವ ಭಾಗವತರ ಪದ್ಯ ಬಂದಾಗ ಕಿವಿಗೆ ವಿಶ್ರಾಂತಿ. ಮೈಕು ಅರ್ಥಧಾರಿಯ ಬಾಯಿಂದ ಒಂದು ಗೇಣು ದೂರ. ಈ ಮೂರರಲ್ಲಿ ಒಂದೂ ನಿಮ್ಮ ನಟರಿಗೆ ಇರಲಿಲ್ಲ.

ಈಗ ನಗುವಿಗೆ ಬರುತ್ತೇನೆ. ಮಗಳ ಪಾತ್ರದವರನ್ನು ಅತಿ ಹೆಚ್ಚು ನೋಯಿಸಿದ್ದು ಇದೇ ಅಲ್ವಾ?

ವಿಡಿಯೋದಲ್ಲಿ 22ನೇ ನಿಮಿಷ. ಆಕೆ ಕಾಗದ ಹಿಡಿದು, "ಇದು ನಿಮ್ಮ ಪಟ್ಟಿ, ಅಪ್ಪಾ, ನೋಡಿ ನಿಮ್ಮ ಪಟ್ಟಿ" ಎನ್ನುತ್ತಾರೆ. ಅದೇ ಕ್ಷಣಕ್ಕೆ ಹಿಂದಿನಿಂದ ನಗು. ಮಾಷ್ಟ್ರೇ, ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ! ನಿಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕನ್ನಡ ನಾಟಕ ಬರೆಯಲು ಕೂತಾಗ ಕನ್ನಡದ ಕಿವಿ ಮಾತ್ರ ತೆರೆದಿರುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಂದೀಚೆಗೆ ಹುಟ್ಟಿದವರು ಬಸ್ಸಿನಲ್ಲಿ, ಕಚೇರಿಯಲ್ಲಿ, ಗೆಳೆಯರ ನಡುವೆ ಮಲಯಾಳ ಕೇಳಿಕೊಂಡೇ ಬೆಳೆದವರು. ಆ ಹುಡುಗರ ಒಂದು ಕಿವಿ ಕನ್ನಡ, ಇನ್ನೊಂದು ಮಲಯಾಳ. ಮಗಳು ಅಪ್ಪನ ಮುಖಕ್ಕೆ ಎರಡು ಸಲ "ನಿಮ್ಮ ಪಟ್ಟಿ" ಅಂದರೆ ಯಾವ ಹುಡುಗ ನಗದೆ ಇರುತ್ತಾನೆ? ಅವರು ಆಕೆಯ ಅಳುವನ್ನು ನೋಡಿ ನಗಲಿಲ್ಲ. ಇದನ್ನು ಇವತ್ತೇ ಫೋನ್ ಮಾಡಿ ಆಕೆಗೆ ಹೇಳಿ. ಉಳಿದ ಸಲಹೆಗಳು ಆಮೇಲಾದರೂ ಆದೀತು.

ಪೇಟೆಯ ಪ್ರಯೋಗದಲ್ಲಿ ಇದೇ ಮಾತಿಗೆ ಯಾಕೆ ನಗು ಬರಲಿಲ್ಲ? ಬಂದಿರಬಹುದು, ಒಂದಿಬ್ಬರ ಗಂಟಲಲ್ಲೇ ನಿಂತಿರಬಹುದು. ನಗುವಿಗೆ ಜೊತೆ ಬೇಕು. ಒಟ್ಟಿಗೆ ಕೂತ ಹತ್ತು ಹುಡುಗರಲ್ಲಿ ಒಬ್ಬ ಕಿಸಕ್ಕೆಂದರೆ ಸಾಕು. ಅವರೇ ಬಿಡಿ ಬಿಡಿಯಾಗಿ ಹಿರಿಯರ ನಡುವೆ ಕೂತಿದ್ದರೆ ತುಟಿ ಕಚ್ಚಿ ಸುಮ್ನಿರುತ್ತಿದ್ದರು.

ಎರಡನೇ ನಗು 41ನೇ ನಿಮಿಷದ್ದು. ಇದು ಬೇರೆ ಜಾತಿಯ ನಗು, ಮುಂದಿನ ಸಾಲಿನ ಹಿರಿಯರದ್ದು. ಅಪ್ಪ ಹೆಂಡತಿಯನ್ನು ನೆನೆಯುತ್ತಾ ಅಡಿಕೆ ಸುಲಿಯುತ್ತಾನೆ. ನಾನು ಗಡಿಯಾರ ಹಿಡಿದು ನೋಡಿದೆ. ಒಂದು ಅಡಿಕೆ ಸುಲಿಯಲು ಒಂದು ನಿಮಿಷಕ್ಕಿಂತ ಜಾಸ್ತಿ! ಎದುರು ಕೂತವರು ಬುದ್ಧಿ ಬಂದಾಗಿನಿಂದ ಒಣಗಿಸಿದ ಚಾಲಿ ಅಡಿಕೆಯ ರಾಶಿಯ ಮುಂದೆ ಕೂತವರು. ಕಣ್ಣು ಮುಚ್ಚಿ ಸುಲಿಯುತ್ತಾರೆ. ವಿಡಿಯೋದಲ್ಲಿ ಒಬ್ಬರ ಮಾತು ಸ್ಪಷ್ಟ ಕೇಳುತ್ತದೆ: "ಹೀಗೆ ಸುಲಿದರೆ ಮಳೆಗಾಲ ಬರ್ತದೆ." ಮೇಲಾಗಿ ಆ ಮುಟ್ಟಾಳೆ, ಅಡಿಕೆ ಹಾಳೆಯ ಟೊಪ್ಪಿ. ಮನೆಯೊಳಗೆ ಕೂತು ರಾತ್ರಿ ಹೊತ್ತು ಅಡಿಕೆ ಸುಲಿಯುವವನ ತಲೆಯ ಮೇಲೆ ಮುಟ್ಟಾಳೆ ಯಾಕೆ? ಹಳ್ಳಿಯವನು ಅಂತ ತೋರಿಸಲಿಕ್ಕಾ? ಪೇಟೆಯಲ್ಲಿ ಅದು ನಡೆಯಿತು. ಊರಿನಲ್ಲಿ ಅವರದೇ ಬದುಕನ್ನು ಅವರಿಗೇ ತಪ್ಪು ತೋರಿಸಿದಂತಾಯಿತು.

ಹತ್ತು ಪಾತ್ರಗಳ ನಾಟಕದಲ್ಲಿ ಇಂಥದ್ದು ತೇಲಿ ಹೋಗುತ್ತದೆ, ಕಣ್ಣು ಬೇರೆ ಕಡೆ ಹರಿಯುತ್ತದೆ. ಇಬ್ಬರೇ ಇದ್ದಾಗ ಪ್ರೇಕ್ಷಕರಿಗೆ ನೋಡಲು ಬೇರೇನೂ ಇರುವುದಿಲ್ಲ. ನಟನ ಬೆರಳು, ಉಗುರು, ಪಂಚೆಯ ಗಂಟು, ಎಲ್ಲ ಕಾಣುತ್ತದೆ. ನಾನೂ ಒಮ್ಮೆ ಇಬ್ಬರ ನಾಟಕದಲ್ಲಿ ಹೀಗೆ ಸಿಕ್ಕಿಬಿದ್ದಿದ್ದೆ. ಮೀನು ಮಾರುವ ಹೆಂಗಸಿನ ಪಾತ್ರಕ್ಕೆ ಬುಟ್ಟಿಯನ್ನು ಸೊಂಟದ ಮೇಲೆ ಇಡಿಸಿದ್ದೆ. ಸಮುದ್ರದ ಬದಿಯ ಊರಿನಲ್ಲಿ ಆಡುವಾಗ ಮುಂದಿನ ಸಾಲಿನ ಮುದುಕಿ, "ಹಾಗಲ್ಲ ಮಗಾ, ತಲೆಗೆ" ಎಂದು ಕೂಗಿ ಹೇಳಿದರು. ಆ ರಾತ್ರಿ ಉಳಿದ ನಾಟಕ ಯಾರಿಗೂ ಕೇಳಲಿಲ್ಲ, ಎಲ್ಲರ ಕಣ್ಣು ಬುಟ್ಟಿಯ ಮೇಲೆ.

ದುಃಖದ ದೃಶ್ಯದಲ್ಲಿ ಬರುವ ಮೂರನೇ ಬಗೆಯ ನಗು ಇನ್ನೊಂದಿದೆ. ಬಿಗಿ ತಾಳಲಾರದೆ ಬರುವ ನಗು. ಸಾವಿನ ಮನೆಯಲ್ಲೂ ಬರುತ್ತದಲ್ಲ, ಅದು. ನಿಮ್ಮ ನಾಟಕದಲ್ಲಿ ಅಪ್ಪ ಮಗಳ ಕಾಲು ಹಿಡಿಯಲು ಹೋಗುವಾಗ 58ನೇ ನಿಮಿಷದಲ್ಲಿ ಒಂದು ಸಣ್ಣ ನಗು ಬಂದು ತಟ್ಟನೆ ನಿಲ್ಲುತ್ತದೆ. ಅದನ್ನು ಮುಟ್ಟಬೇಡಿ. ಅಲ್ಲಿ ನಾಟಕ ತಾಗಿದೆ.

ಅಪ್ಪನ ಪಾತ್ರದವರ ಬಗ್ಗೆ ಒಂದು ಮಾತು, ಮೆಲ್ಲಗೆ ಹೇಳುತ್ತೇನೆ. 41ನೇ ನಿಮಿಷದ ನಗು ಕೇಳಿದ ಮೇಲೆ ಅವರು ಬದಲಾದರು. ಮುಂದಿನ ಎರಡು ಸಲ ಅಡಿಕೆ ಎತ್ತಿಕೊಂಡಾಗ ಮುಖ ಸೊಟ್ಟ ಮಾಡಿ ಪ್ರೇಕ್ಷಕರ ಕಡೆ ನೋಡಿದರು. ಮತ್ತೆ ನಗು ಸಿಕ್ಕಿತು. ಅತ್ತ ಮಗಳು ಒಬ್ಬಂಟಿಯಾದರು. ಇಬ್ಬರ ನಾಟಕ ಗರಗಸ ಎಳೆದ ಹಾಗೆ. ಒಬ್ಬರು ಕೈಬಿಟ್ಟು ಜನರ ಕಡೆ ತಿರುಗಿದರೆ ಇನ್ನೊಬ್ಬರು ಎಷ್ಟು ಎಳೆದರೂ ಮರ ಕೊಯ್ಯುವುದಿಲ್ಲ. ಆಕೆ "ಬರುವುದಿಲ್ಲ" ಎನ್ನುವುದರ ಹಿಂದೆ ಹುಡುಗರ ನಗುವಿಗಿಂತ ಇದೇ ಇರಬಹುದೆಂದು ನನ್ನ ಅನುಮಾನ. ಕೇಳಿ ನೋಡಿ.

ಇನ್ನು ಎದ್ದು ಹೋದವರು. ಅವರು ಯಾವಾಗ ಎದ್ದರು ಎಂದು ಗುರುತು ಹಾಕಿಕೊಂಡೆ. ಮಾತು ನಡೆಯುವಾಗ ಎದ್ದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಎದ್ದದ್ದು ದೀಪ ಆರಿದಾಗ. ನಿಮ್ಮ ನಾಟಕದಲ್ಲಿ ನಾಲ್ಕು ಸಲ ದೀಪ ಆರುತ್ತದೆ. ಇಬ್ಬರೇ ಇರುವುದರಿಂದ ಬಟ್ಟೆ ಬದಲಿಸುವಾಗ ರಂಗದ ಮೇಲೆ ಯಾರೂ ಇಲ್ಲ. ಹಾಗಾಗಿ ಕತ್ತಲೆ, ಜೊತೆಗೊಂದು ಹಾಡು. ಎರಡನೇ ಕತ್ತಲೆ ಎರಡೂವರೆ ನಿಮಿಷ ಇತ್ತು. ಎದ್ದು ಹೋಗಲು ಸಂಕೋಚ ಪಡುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ಅದೂ ಎಂಟೂವರೆಗೆ ಶುರುವಾಗಬೇಕಾದ ನಾಟಕ ಸನ್ಮಾನ, ಶಾಲು, ಸ್ಮರಣಿಕೆ, ಭಾಷಣ ಎಲ್ಲ ಮುಗಿದು ಶುರುವಾದಾಗ ಹತ್ತು ಗಂಟೆ ದಾಟಿತ್ತು ಎಂದು ನೀವೇ ಬರೆದಿದ್ದೀರಿ. ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಹೋದ ತಾಯಂದಿರನ್ನು ನಾಟಕದ ಲೆಕ್ಕಕ್ಕೆ ಸೇರಿಸಬೇಡಿ.

ಇನ್ನೊಂದು ನೋಡಿದಿರಾ? ಮುಂದಿನ ಸಾಲಿನ ಸೋಫಾಗಳು. ಅತಿಥಿಗಳು ಸಭೆ ಮುಗಿದ ಕೂಡಲೇ ಹೋದರು, ಸೋಫಾ ಖಾಲಿ. ಅಲ್ಲಿ ಬಂದು ಕೂರಲು ಯಾರಿಗೂ ಧೈರ್ಯವಿಲ್ಲ. ನಿಮ್ಮ ನಟರು ಇಡೀ ರಾತ್ರಿ ಆಡಿದ್ದು ಖಾಲಿ ಸೋಫಾಗಳಿಗೆ.

ಧ್ವನಿಯ ಲೆಕ್ಕವೂ ಸೇರಿಸಿ. ಬಯಲಿನಲ್ಲಿ ದೂರ ಎರಡು ಪಟ್ಟಾದ ಹಾಗೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮೇಲಿಂದ ತೂಗುಹಾಕಿದ ಒಂದು ಮೈಕಿನಿಂದ ಎರಡು ಮೀಟರ್ ದೂರದಲ್ಲಿ ಆಡಿದ ಮಾತು, ನಾಲ್ಕು ಮೀಟರ್‌ಗೆ ಸರಿದಾಗ ಮಂಕಾಗುತ್ತದೆ. ಮಗಳ ಮಾತುಗಳಲ್ಲಿ ಅರ್ಧದಷ್ಟು ಹಿಂದಕ್ಕೆ ತಲುಪಿಲ್ಲ. ಕೇಳದ ಮಾತಿಗೆ ಜನ ಸುಮ್ನೆ ಕೂರುವುದಿಲ್ಲ, ಪಕ್ಕದವರ ಜೊತೆ ಮಾತು ಶುರು ಮಾಡುತ್ತಾರೆ.

ಆಮಂತ್ರಣದ ಫೋಟೋ ಸಹ ಕಳಿಸಿದ್ದೀರಿ. ಅದರಲ್ಲಿ ನಿಮ್ಮ ನಾಟಕದ ಹೆಸರಿನ ಕೆಳಗೆ, "ಮನೆಮಂದಿಯೆಲ್ಲ ನಕ್ಕು ನಲಿಯುವ ನಾಟಕ" ಎಂದಿದೆ! ಇದು ಯಾರ ಕೆಲಸ? ಇಂಥದ್ದೇ ಒಂದು ಎಡವಟ್ಟು ದೊಡ್ಡ ಮಟ್ಟದಲ್ಲಿ ಆದದ್ದುಂಟು. 1956ರ ಜನವರಿಯಲ್ಲಿ ಅಮೆರಿಕದ ಮಯಾಮಿಯಲ್ಲಿ ಸ್ಯಾಮ್ಯುಯೆಲ್ ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೋ' ಆಡಿದರು. ಒಟ್ಟು ಐದೇ ಪಾತ್ರ, ಬಹುಪಾಲು ಹೊತ್ತು ಇಬ್ಬರು ಯಾರಿಗೋ ಕಾಯುತ್ತಾ ಮಾತಾಡುವ ನಾಟಕ. ಜಾಹೀರಾತಿನಲ್ಲಿ ಅದನ್ನು ಎರಡು ಖಂಡಗಳನ್ನು ನಗಿಸಿದ ನಾಟಕ ಎಂದು ಸಾರಿದ್ದರು. ನಗಲು ಬಂದ ಎಷ್ಟೋ ಮಂದಿ ಮಧ್ಯಂತರಕ್ಕೇ ಮನೆಗೆ ಹೋದರು. ಮರುವರ್ಷ ನವೆಂಬರಿನಲ್ಲಿ ಬೇರೊಂದು ತಂಡ ಅದೇ ನಾಟಕವನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಸುಮಾರು 1400 ಕೈದಿಗಳ ಮುಂದೆ ಆಡಿತು. ಅವರು ಅಲುಗಾಡದೆ ನೋಡಿದರು. ಕಾಯುವುದೆಂದರೆ ಏನು ಎಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಿಮ್ಮ ಪ್ರೇಕ್ಷಕರಿಗೂ ಸಾಲ, ತೋಟ, ಊರು ಬಿಟ್ಟ ಮಕ್ಕಳು ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ನಗಿಸುತ್ತೇವೆ ಎಂದು ಕರೆಯದಿದ್ದರೆ ಸಾಕಿತ್ತು.

ಚಪ್ಪಾಳೆ ವಿಷಯ ಸುಲಭ. ನಾಟಕ ಮುಗಿಯಿತೆಂದು ಜನರಿಗೆ ಗೊತ್ತೇ ಆಗಲಿಲ್ಲ. ನಾಲ್ಕು ಸಲ ದೀಪ ಆರಿಸಿದ್ದೀರಿ. ಐದನೇ ಸಲ ಆರಿದಾಗ ಇದೂ ಹಾಗೇ ಇರಬೇಕು ಎಂದುಕೊಂಡು ಕೂತರು. ಅಷ್ಟರಲ್ಲಿ ನಿರೂಪಕರು ಮೈಕು ಹಿಡಿದು ಧನ್ಯವಾದ ಶುರು ಮಾಡಿದರು. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು ಚಪ್ಪಾಳೆ ಹೇಗೆ ಹಬ್ಬುತ್ತದೆ ಎಂದು ಲೆಕ್ಕ ಹಾಕಿದರು. ಅದು ಸೋಂಕಿನ ಹಾಗೆ ಹರಡುತ್ತದಂತೆ. ಸುತ್ತ ಎಷ್ಟು ಜನ ತಟ್ಟುತ್ತಿದ್ದಾರೆ ಎಂಬ ಸದ್ದಿನ ಮೇಲೆ ನಮ್ಮ ಕೈ ಏಳುತ್ತದೆ. ಎಷ್ಟು ಹೊತ್ತು ತಟ್ಟಿದರು ಎಂಬುದಕ್ಕೂ ಕಾರ್ಯಕ್ರಮ ಎಷ್ಟು ಚೆನ್ನಾಗಿತ್ತು ಎಂಬುದಕ್ಕೂ ನಂಟು ಕಾಣಲಿಲ್ಲ. ನಿಮ್ಮಲ್ಲಿ ಮೊದಲು ತಟ್ಟುವವನೇ ಹುಟ್ಟಲಿಲ್ಲ, ಅಷ್ಟೇ. ವಿಡಿಯೋದಲ್ಲಿ ಧನ್ಯವಾದದ ನಡುವೆ ಎಂಟು ಹತ್ತು ಜನ ಎದ್ದು ಪರದೆಯ ಹಿಂದಕ್ಕೆ ಬರುವುದು ಕಾಣುತ್ತದೆ. ಅವರು ಏನು ಹೇಳಿದರು ಎಂದು ನೀವು ಬರೆದೇ ಇಲ್ಲ. ವಾಟ್ಸಾಪ್‌ನಲ್ಲಿ ಬಂದದ್ದು ಮಾತ್ರ ಅಕ್ಷರ ಬಿಡದೆ ಬರೆದಿದ್ದೀರಿ!

ಮಂಜೇಶ್ವರಕ್ಕೆ ಏನು ಮಾಡಬಹುದು?

ತುಳು ಹಾಸ್ಯದ ಎರಡು ಪಾತ್ರ ಸೇರಿಸಿದರೆ ನಗು ಖಂಡಿತ ಸಿಗುತ್ತದೆ. ಅದೇ ಅಪಾಯ. ಆ ಇಬ್ಬರು ಬಂದು ಹೋದ ಮೇಲೆ ಅಪ್ಪ ಮಗಳು ಮಾತು ಶುರು ಮಾಡಿದರೆ ಜನ ಹಾಸ್ಯಗಾರರು ಮತ್ತೆ ಯಾವಾಗ ಬರುತ್ತಾರೆ ಎಂದು ಕಾಯುತ್ತಾರೆ. ಒಮ್ಮೆ ಸೇರಿಸಿದರೆ ತೆಗೆಯುವುದೂ ಕಷ್ಟ, ತಂಡವೇ ಬಿಡುವುದಿಲ್ಲ. ನಾನು ಬೇಡ ಎನ್ನುತ್ತೇನೆ. ತುಳು ಬೇಡ ಎನ್ನುತ್ತಿಲ್ಲ, ಅದು ಬೇರೆ ಮಾತು. ನಿಮ್ಮ ಕಡೆಯ ಯಾವ ತೋಟದ ಮನೆಯಲ್ಲಿ ಅಪ್ಪ ಇಡೀ ದಿನ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಾನೆ? ಕೆಲಸದವರ ಜೊತೆ ತುಳು, ಬ್ಯಾಂಕಿನವರ ಜೊತೆ ಮಲಯಾಳ, ಮನೆಯೊಳಗೆ ಮನೆಮಾತು. ಮಗಳು ಫೋನಿನಲ್ಲಿ ದಲ್ಲಾಳಿಯ ಜೊತೆ ಮಲಯಾಳದಲ್ಲಿ ಬೆಲೆ ಮಾತಾಡಲಿ, ಅಪ್ಪ ಪಕ್ಕದಲ್ಲಿ ಕೂತು ಕೇಳಲಿ. ಮೂರನೇ ಪಾತ್ರ ಬಂದ ಹಾಗೂ ಆಯಿತು, ಹೊಸ ನಟ ಬೇಕಾಗಲೂ ಇಲ್ಲ. ಅಂಥ ಒಂದು ಫೋನ್ ಕರೆ ಸಾಕು. ಮೂರು ಕರೆಯಾದರೆ ಅದೇ ತಮಾಷೆಯಾಗುತ್ತದೆ.

ಕತ್ತಲೆಗಳನ್ನು ತೆಗೆದುಬಿಡಿ. ಬಟ್ಟೆ ಬದಲಾಗಲೇಬೇಕೆಂದೇನಿಲ್ಲ, ಒಂದು ಶಾಲು ಹೊದ್ದರೆ ರಾತ್ರಿಯಾಯಿತು. ಒಬ್ಬರು ಒಳಗೆ ಹೋದಾಗ ಇನ್ನೊಬ್ಬರು ರಂಗದ ಮೇಲೆ ಏನಾದರೂ ಕೆಲಸ ಮಾಡುತ್ತಿರಲಿ. ದೀಪ ಒರೆಸಲಿ, ಬಟ್ಟೆ ಮಡಿಸಲಿ. ಒಂದು ಮಾತೂ ಕತ್ತರಿಸದೆ ಏಳೆಂಟು ನಿಮಿಷ ಉಳಿಯುತ್ತದೆ. ಇಬ್ಬರಿಗೂ ಉಸಿರಾಡಲು ಬಿಡುವಿಲ್ಲ ಎನ್ನುವುದು ಇದರ ಕಷ್ಟ, ಹಾಗಾಗಿ ನಿಲ್ಲಿಸದೆ ಪೂರ್ತಿ ಆಡುವ ಅಭ್ಯಾಸ ಹತ್ತು ಸಲವಾದರೂ ಆಗಬೇಕು.

ಕುರ್ಚಿಗಳ ಬಗ್ಗೆ ಸಂಘಟಕರ ಹತ್ತಿರ ಈಗಲೇ ಮಾತಾಡಿ. 150 ಸಾಕು, ವೇದಿಕೆಗೆ ಹತ್ತಿರ, ಸಾಧ್ಯವಾದರೆ ಮೂರು ಕಡೆ. ಸಭೆ ಮುಗಿದ ಕೂಡಲೇ ಸೋಫಾ ಎತ್ತಿಸಿ ಚಾಪೆ ಹಾಸಿ, ಹಿರಿಯರನ್ನು ಮುಂದಿನ ಕುರ್ಚಿಗಳಿಗೆ ಕರೆಯಿರಿ. ಜನ ಕಡಿಮೆ ಬಂದ ಹಾಗೆ ಕಾಣುತ್ತದೆ ಎಂದು ಸಂಘಟಕರು ಮುಖ ಸಣ್ಣ ಮಾಡಬಹುದು. ನಾಟಕವನ್ನು ಸಭೆಗಿಂತ ಮೊದಲು ಇಡಿ ಎಂದು ಕೇಳಿದರೆ ಇನ್ನೂ ಸಣ್ಣ ಮಾಡುತ್ತಾರೆ. ಆದರೂ ಕೇಳಿ. ಕಾಲರ್ ಮೈಕು ಎರಡು ಬಾಡಿಗೆಗೆ ತನ್ನಿ. ಅಪ್ಪಿಕೊಳ್ಳುವ ದೃಶ್ಯದಲ್ಲಿ ಬಟ್ಟೆ ಉಜ್ಜಿ ಕರಕರ ಎನ್ನುತ್ತದೆ, ಅದನ್ನು ಮೊದಲೇ ಪರೀಕ್ಷಿಸಿ.

ಚಪ್ಪಾಳೆಗೆ ನಮ್ಮವರನ್ನೇ ಕೂರಿಸೋಣವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 19ನೇ ಶತಮಾನದ ಪ್ಯಾರಿಸ್ಸಿನ ರಂಗಮಂದಿರಗಳಲ್ಲಿ ಕೂಲಿಗೆ ತಟ್ಟುವವರು, ಕೂಲಿಗೆ ನಗುವವರು, ಅಳುವವರು ಸಹ ಇದ್ದರು. ನಡುವೆ ತಟ್ಟಿಸಬೇಡಿ, ಸಣ್ಣ ಊರಿನಲ್ಲಿ ಯಾರು ಯಾರ ಭಾವ ಎಂದು ಎಲ್ಲರಿಗೂ ಗೊತ್ತು. ಕೊನೆಯಲ್ಲಿ ಬೆಳಕು ಮೆಲ್ಲಗೆ ಇಳಿಯಲಿ, ಐದು ಎಣಿಸಿ, ಪೂರ್ತಿ ಬೆಳಕು ಬರಲಿ, ಇಬ್ಬರೂ ಮುಂದೆ ಬಂದು ಕೈಮುಗಿಯಲಿ. ಕೈ ತಾನೇ ಏಳುತ್ತದೆ. ನಿರೂಪಕರ ಕೈಯಿಂದ ಮೈಕನ್ನು ಮೊದಲೇ ಇಸ್ಕೊಂಡು ಇಟ್ಟುಕೊಳ್ಳಿ.

ತಂಡದ ಒಬ್ಬರನ್ನು ಹಿಂದಿನ ಸಾಲಿನಲ್ಲಿ ನಾಟಕದ ಪ್ರತಿ ಮತ್ತು ಪೆನ್ಸಿಲ್ ಕೊಟ್ಟು ಕೂರಿಸಿ. ನಗು, ಕೆಮ್ಮು, ಕುರ್ಚಿಯ ಸದ್ದು, ಎದ್ದವರು, ಎಲ್ಲವನ್ನೂ ಆಯಾ ಮಾತಿನ ಎದುರು ಗುರುತಿಸಲಿ. ಒಂದು ಪ್ರಯೋಗದ ಗುರುತು ನೋಡಿ ನಾಟಕ ತಿದ್ದಬೇಡಿ. ಮೂರು ಪ್ರಯೋಗದಲ್ಲೂ ಅದೇ ಜಾಗದಲ್ಲಿ ಕೆಮ್ಮು ಬಂದರೆ ಅಲ್ಲಿ ಮಾತು ಉದ್ದವಾಗಿದೆ ಎಂದು ತಿಳಿಯಿರಿ.

ಮಂಜೇಶ್ವರದ ಕಡೆ ತುಳು, ಕೊಂಕಣಿ, ಬ್ಯಾರಿ ಕಿವಿಗಳು ಜಾಸ್ತಿ. ಹಾಗಾಗಿ ಅಲ್ಲಿಯ ಒಬ್ಬ ಹುಡುಗನನ್ನು ಅಭ್ಯಾಸಕ್ಕೆ ಕರೆಸಿ ಕೂರಿಸಿ. ಅಪ್ಪ "ಬಲೆ, ಬಲೆ, ಎಲ್ಲ ಬಲೆ" ಎಂದು ಗೋಳಾಡುವ ಮಾತೊಂದಿದೆಯಲ್ಲ, ತುಳುವಿನಲ್ಲಿ ಅದು "ಬನ್ನಿ, ಬನ್ನಿ, ಎಲ್ಲ ಬನ್ನಿ" ಎಂದಾಗುತ್ತದೆ. ಯಾರಾದರೂ ವೇದಿಕೆ ಹತ್ತಿಬಿಟ್ಟರೆ ಕಷ್ಟ. ಪಟ್ಟಿಯ ಜಾಗದಲ್ಲಿ "ಲೆಕ್ಕ" ಅನ್ನಿಸಿ, ಮುಟ್ಟಾಳೆ ಮನೆಯಲ್ಲೇ ಬಿಡಿ. ಅಪ್ಪನ ಪಾತ್ರದವರನ್ನು ನಾಳೆಯಿಂದಲೇ ಯಾರದಾದರೂ ಮನೆಯಲ್ಲಿ ಅಡಿಕೆ ಸುಲಿಯಲು ಕೂರಿಸಿ. ಎರಡು ವಾರ, ದಿನಕ್ಕೊಂದು ಗಂಟೆ. ಕೂಲಿ ಕೇಳಬೇಡಿ, ಚಾ ಕೊಟ್ಟರೆ ಕುಡಿಯಲಿ.